ಗಾರ್ಡಿನ ಹಿಂದಿನ ಗೋಡೆ

ಗುಮಾಸ್ತರು ಕಾಗದ ಹಿಡಿದು ಬಂದಾಗ ಸುಣ್ಣದಕ್ಕ ಅಂಗಳದ ಕಲ್ಲಿನ ಮೇಲೆ ಕುಂಚ ತೊಳೆಯುತ್ತಿದ್ದಳು. ಊರಿನ ಮುಕ್ಕಾಲು ಪಾಲು ಗೋಡೆಗಳಿಗೆ ಸುಣ್ಣ ಬಳಿದ ಕೈ ಅವಳದು. ಮೂಲೆ, ಸಂದಿ, ಬಾಗಿಲ ಹಿಂಬದಿ, ಗೂಡಿನ ಒಳಗು, ಯಾವುದನ್ನೂ ಬಿಡುವವಳಲ್ಲ ಎಂದು ಹೆಸರು ಮಾಡಿದ್ದಳು. ಒಮ್ಮೆ ಜೊತೆಗೆ ಕೆಲಸಕ್ಕೆ ಬಂದಿದ್ದ ನಾದಿನಿ ಗೋಡೆಯ ಗಡಿಯಾರ ಇಳಿಸದೆ ಅದರ ಸುತ್ತ ಕುಂಚ ಆಡಿಸಿ ಕೆಲಸ ಮುಗಿಸಿದಾಗ, ಮನೆಯವರ ಎದುರಿಗೇ ಗಡಿಯಾರ ಇಳಿಸಿ, "ಇದೇನು, ಗೋಡೆಗೆ ಕಣ್ಣು ಬರೆದಿದ್ದೀಯಾ?" ಎಂದು ಕೇಳಿದ್ದಳು. ನಾದಿನಿ ಆಮೇಲೆ ಎರಡು ತಿಂಗಳು ಮಾತು ಬಿಟ್ಟಿದ್ದಳು.

"ಎಲ್ಲಿ, ಕೈ ಹೇಗಿದೆ ನೋಡೋಣ," ಎನ್ನುತ್ತ ಗುಮಾಸ್ತರು ತಲೆ ಬಗ್ಗಿಸಿ ಒಳಗೆ ಬಂದರು. ಊರಾಚೆಯ ಮರದ ಮಿಲ್ಲಿನಲ್ಲಿ ಹಾಜರಿ, ಪತ್ರ, ಪುಸ್ತಕ ನೋಡಿಕೊಳ್ಳುವವರು ಅವರು. ಸುಣ್ಣದಕ್ಕನ ಗಂಡ ಅದೇ ಮಿಲ್ಲಿನಲ್ಲಿ ಏಳು ವರ್ಷದಿಂದ ಗರಗಸದ ಮುಂದೆ ನಿಲ್ಲುವವನು. ಐದು ದಿನದ ಕೆಳಗೆ ಅವನ ಬಲಗೈಯ ಮೂರು ಬೆರಳು ಗರಗಸಕ್ಕೆ ಹೋಗಿದ್ದವು. ಹೆಬ್ಬೆರಳೂ ಕಿರುಬೆರಳೂ ಉಳಿದಿದ್ದವು. ಈಗ ಅವನು ಗೋಡೆಗೊರಗಿ, ಕೈಯನ್ನು ದಿಂಬಿನ ಮೇಲೆ ಯಾರೋ ಬೇರೆಯವರ ಸಾಮಾನು ಇಟ್ಟ ಹಾಗೆ ಇಟ್ಟುಕೊಂಡು ಕುಳಿತಿದ್ದ.

"ನೋಡೋಕೇನಿದೆ, ಅಷ್ಟೂ ಬಟ್ಟೇನೇ," ಎಂದಳು ಅತ್ತೆ ಮೂಲೆಯಿಂದ.

ಗುಮಾಸ್ತರು ಹಣ್ಣಿನ ಪೊಟ್ಟಣವನ್ನು ಅವಳ ಪಕ್ಕ ಇಟ್ಟು, ಜೇಬಿನಿಂದ ಮಡಚಿದ ಕಾಗದವನ್ನೂ ಒಂದು ಶಾಯಿಯ ಡಬ್ಬಿಯನ್ನೂ ತೆಗೆದರು. "ಇದಕ್ಕೊಂದು ಸಹಿ ಆಗಬೇಕಿತ್ತು. ಸಹಿ ಮಾಡೋ ಹಾಗಿಲ್ವಲ್ಲ, ಎಡಗೈ ಹೆಬ್ಬೆಟ್ಟು ಒತ್ತಿದರೆ ಸಾಕು."

"ಏನು ಬರೆದಿದೆ?" ಸುಣ್ಣದಕ್ಕ ಒದ್ದೆ ಕೈಯಲ್ಲೇ ಒಳಗೆ ಬಂದಿದ್ದಳು.

"ಅಪಘಾತ ಆಯ್ತು ಅಂತ, ಅಕ್ಕ. ಆಗಿದ್ದನ್ನೇ ಬರೆದಿರೋದು."

"ಆಗಿದ್ದು ನಮಗೂ ಗೊತ್ತು. ಹೇಗೆ ಆಯ್ತು ಅಂತ ಬರೆದಿದ್ದೀರಿ ಅಂತ ಕೇಳಿದೆ."

ಅವಳು ಅಕ್ಷರ ಕೂಡಿಸಿಕೊಂಡು ಓದಬಲ್ಲಳು. ಆದರೆ ಕಚೇರಿಯ ಬರವಣಿಗೆ ಅವಳಿಗೆ ಒಂದೇ ಉಸಿರಿಗೆ ಸಿಕ್ಕುತ್ತಿರಲಿಲ್ಲ. ಗುಮಾಸ್ತರು ಕನ್ನಡಕ ಏರಿಸಿ, ಮದುವೆ ಕರೆಯೋಲೆ ಓದುವ ಧಾಟಿಯಲ್ಲಿ ಓದಿದರು. ಸದರಿ ದಿನ ಬೆಳಿಗ್ಗೆ ಸುಮಾರು ಹತ್ತೂವರೆ ಗಂಟೆಗೆ, ಸದರಿ ಕಾರ್ಮಿಕನು ಗರಗಸದ ರಕ್ಷಣೆಗೆ ಅಳವಡಿಸಿದ್ದ ಗಾರ್ಡನ್ನು ತಾನಾಗಿಯೇ ಕಳಚಿ, ಮಿಲ್ಲಿನ ಸೂಚನೆಯನ್ನು ಮೀರಿ ಕೆಲಸ ಮಾಡಿದ್ದರಿಂದ ಬಲಗೈಯ ಮೂರು ಬೆರಳುಗಳನ್ನು ಕಳೆದುಕೊಂಡಿರುತ್ತಾನೆ.

"ಸರಿಯಾಗೇ ಇದೆ," ಎಂದ ಗಂಡ. "ಗಾರ್ಡು ಇರಲಿಲ್ಲ. ತಪ್ಪು ನಂದೇ." ಎಡಗೈ ಚಾಚಿದ.

ಸುಣ್ಣದಕ್ಕ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಗೊಂದಲ ಹುಟ್ಟಿತ್ತು. ಏಳು ವರ್ಷ ಮಧ್ಯಾಹ್ನದ ಬುತ್ತಿ ಹೊತ್ತು ಆ ಮಿಲ್ಲಿಗೆ ಹೋಗಿದ್ದವಳು ಅವಳು. ಮೇಜಿನ ಸೀಳಿನಿಂದ ಮೇಲೆದ್ದು ಗಿರ್ರನೆ ತಿರುಗುವ ಆ ಹಲ್ಲಿನ ಚಕ್ರವನ್ನು ಎಷ್ಟು ಸಲ ನೋಡಿದ್ದಳೋ. ಅದರ ಮೇಲೆ ಏನಾದರೂ ಮುಚ್ಚಿದ್ದನ್ನು ನೋಡಿದ ನೆನಪೇ ಅವಳಿಗಿರಲಿಲ್ಲ.

"ಇವತ್ತು ಬೇಡ ಗುಮಾಸ್ತರೇ. ಇವನಿಗೆ ಮಾತ್ರೆಯ ಮಂಪರು."

"ನಾನು ಎಚ್ಚರವಾಗೇ ಇದೀನಿ," ಎಂದ ಗಂಡ.

"ಸುಮ್ನಿರು. ಬೆಳಿಗ್ಗೆ ನಿಮ್ಮಮ್ಮನ್ನ ನರ್ಸಮ್ಮ ಅಂತ ಕರೆದೆ."

"ಕರೆದ," ಎಂದಳು ಅತ್ತೆ. "ಸೂಜಿ ಚುಚ್ಚಬೇಡಿ ಅಂತ ಬೇಡಿಕೊಂಡ."

ಗುಮಾಸ್ತರು ಕೆಟ್ಟವರಲ್ಲ, ಕಾಗದ ಬೇಗ ಮುಗಿಯಬೇಕು ಎನ್ನುವವರು. ಯಜಮಾನರ ಮನಸ್ಸು ದೊಡ್ಡದೆಂದೂ, ಇದೊಂದು ಮುಗಿದರೆ ಅವರು ತಾವಾಗಿಯೇ ಏನಾದರೂ ಸಹಾಯ ಮಾಡುವರೆಂದೂ ಹೇಳಿ, ಶಾಯಿಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಕಾಗದದ ಒಂದು ಪ್ರತಿಯನ್ನು ಬಿಟ್ಟುಹೋಗಿ ಎಂದು ಸುಣ್ಣದಕ್ಕ ಕೇಳಿದಾಗ ಅವರಿಗೆ ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಗಾಯ ತೊಳೆಯುವಾಗ ಅವಳು ಆ ಕಾಗದವನ್ನು ನರ್ಸಮ್ಮನಿಗೆ ತೋರಿಸಿದಳು. ನರ್ಸಮ್ಮ ಒಂದು ಕೈಯಲ್ಲಿ ಹತ್ತಿ ಹಿಡಿದುಕೊಂಡೇ ಓದಿ, "ಒತ್ತಿಬಿಟ್ರಾ?" ಎಂದು ಕೇಳಿದಳು.

"ಇಲ್ಲ."

"ಒತ್ತಬೇಡಿ. ಕೆಲಸ ಮಾಡ್ತಾ ಗಾಯ ಆದರೆ ಚಿಕಿತ್ಸೆ ಮಿಲ್ಲಿನವರದ್ದೇ, ಬೆರಳು ಹೋಗಿದ್ದಕ್ಕೆ ಪರಿಹಾರಾನೂ ಕೊಡಬೇಕು. ಅದು ಅವರ ದೊಡ್ಡ ಮನಸ್ಸಲ್ಲ, ಇವರ ಹಕ್ಕು. ಆದರೆ ಬೇಕು ಅಂತಾನೇ ಗಾರ್ಡು ಕಳಚಿದ ಅಂತ ಇವರೇ ಒಪ್ಪಿಕೊಂಡರೆ ಎಲ್ಲಾ ಹೋಯ್ತು. 'ತಾನಾಗಿಯೇ' ಅಂತ ಬರೆದಿದೆ ನೋಡಿ, ಇಡೀ ಕಾಗದದಲ್ಲಿ ಕೆಲಸ ಮಾಡೋದು ಅದೊಂದೇ ಮಾತು." ನರ್ಸಮ್ಮ ಹತ್ತಿಯನ್ನು ಬಟ್ಟಲಿಗೆ ಹಾಕಿದಳು. "ಎದುರು ರಸ್ತೆಯಲ್ಲಿ ಕಾರ್ಮಿಕರ ಕಚೇರಿ ಇದೆ. ಹೋಗಿ ಹೇಳಿ. ಅವರು ಬಂದು ನೋಡ್ತಾರೆ."

ಕಚೇರಿಯಲ್ಲಿ ಒಬ್ಬ ಇವರು ಹೇಳಿದ್ದನ್ನೆಲ್ಲ ಬರೆದುಕೊಂಡು, ಆ ಕಾಗದವನ್ನೂ ಇಟ್ಟುಕೊಂಡು, ಇನ್ನೊಂದು ವಾರದಲ್ಲಿ ಇನ್ಸ್‌ಪೆಕ್ಟರಮ್ಮ ಮಿಲ್ಲಿಗೆ ಬರುವರೆಂದು ಹೇಳಿದ.

ಮನೆಗೆ ಬಂದು ಗಂಡನಿಗೆ ಊಟ ಕಲಸಿಕೊಡುತ್ತ ಸುಣ್ಣದಕ್ಕ ಕೇಳಿದಳು: "ಅವತ್ತು ಗಾರ್ಡು ಕಳಚಿದ್ದು ಯಾರು?"

"ಇರಲಿಲ್ಲ ಅಂದೆನಲ್ಲ."

"ಇರಲಿಲ್ಲ ಅನ್ನೋದು ಬೇರೆ. ನೀನು ಕಳಚಿದೆ ಅನ್ನೋದು ಬೇರೆ."

ಅವನು ಬಾಯಿಗೆ ತುತ್ತು ಹಾಕಿಕೊಳ್ಳುವುದನ್ನು ನಿಲ್ಲಿಸಿ ಯೋಚಿಸಿದ. ಅಪಘಾತದ ದಿನದ ಬೆಳಗನ್ನು ಐದಾರು ದಿನದಿಂದ ಅವನು ಮನಸ್ಸಿನಲ್ಲೇ ನೂರು ಸಲ ತಿರುವಿ ಹಾಕಿದ್ದ. ದಿಮ್ಮಿಯ ಗಂಟು, ಅದು ಗರಗಸಕ್ಕೆ ಕಚ್ಚಿಕೊಂಡು ಎಗರಿದ್ದು, ತಳ್ಳುತ್ತಿದ್ದ ಕೈ ಮುಂದಕ್ಕೆ ಹೋದದ್ದು. ಅದಕ್ಕಿಂತ ಹಿಂದಕ್ಕೆ ಹೋಗಬೇಕೆಂದು ಅವನಿಗೆ ಹೊಳೆದಿರಲಿಲ್ಲ.

"ಅವತ್ತು ಯಾರೂ ಕಳಚಲಿಲ್ಲ," ಎಂದ ಕೊನೆಗೆ. "ನಾನು ಸೇರಿದ ದಿನವೇ ಅದು ಮೊಳೆ ಮೇಲಿತ್ತು. ಅದನ್ನ ಗರಗಸದ ಮೇಲೆ ನಾನು ನೋಡೇ ಇಲ್ಲ."

"ಮತ್ತೆ ತಪ್ಪು ನಂದು ನಂದು ಅಂತ ಯಾಕೆ ಬಡ್ಕೊಂಡೆ?"

"ಹಾಕ್ಕೊಂಡು ಕೆಲಸ ಮಾಡಬೇಕಿತ್ತಲ್ಲ."

"ಹಾಕ್ಕೊಂಡಿದ್ದರೆ?"

"ಕೆಲಸ ಆಗ್ತಿರಲಿಲ್ಲ." ಅವನು ಎಡಗೈಯಿಂದ ಗಾಳಿಯಲ್ಲಿ ಗೀಚಿ ತೋರಿಸಿದ. ನೇರವಾದ ದಿಮ್ಮಿಗಳೆಲ್ಲ ಪೇಟೆಯ ದೊಡ್ಡ ಮಿಲ್ಲುಗಳಿಗೆ ಹೋಗುತ್ತವೆ. ಇಲ್ಲಿಗೆ ಬರುವುದು ಬೇಲಿಯ ಮರ, ಹಿತ್ತಲ ಮರ, ಗಾಳಿಗೆ ಬಿದ್ದ ಮರ, ಎಲ್ಲವೂ ಸೊಟ್ಟ. ಗಾರ್ಡಿನ ಕೆಳಗೆ ಒಂದು ಗೇಣು ಜಾಗ. ಸೊಟ್ಟ ದಿಮ್ಮಿಯ ಗೂನು ಅಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅವನಿಗಿಂತ ಮುಂಚೆ ಇದ್ದವರೂ ಅದನ್ನು ಮೊಳೆಗೆ ಹಾಕಿದ್ದರು. ಈ ಮಿಲ್ಲಿನಲ್ಲಿ ಗಾರ್ಡು ಎಂದರೆ ಗೋಡೆಯ ಮೇಲಿರುವ ವಸ್ತು.

"ನೋಡೋಕೆ ಹೇಗಿರುತ್ತೆ?"

"ಕಬ್ಬಿಣದ್ದು. ಅಗಲದ ಮೊರಾನ ಅರ್ಧಕ್ಕೆ ಕತ್ತರಿಸಿದ ಹಾಗೆ. ಬೆಲ್ಟಿನ ಪಕ್ಕದ ಗೋಡೇಲಿದೆ. ನೀನೇ ಸುಣ್ಣ ಬಳಿದಿದ್ದೀಯಲ್ಲ ಅಲ್ಲಿ, ನೋಡಿಲ್ವಾ?"

ಸುಣ್ಣದಕ್ಕ ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದಳು. ಮುಖ ನೋಡಿದರೆ ಅತ್ತೆಗೆ ಗೊತ್ತಾಗಿಬಿಡುತ್ತದೆ ಎಂಬ ಅಳುಕು.

ಅದು ಮೂರು ವರ್ಷದ ಹಿಂದಿನ ಮಾತು. ಮಿಲ್ಲಿನ ಒಳಗೋಡೆಗಳಿಗೆ ಅವಳು ಮೂರು ದಿನ ಸುಣ್ಣ ಬಳಿದಿದ್ದಳು. ಕೊನೆಯದು ಬೆಲ್ಟಿನ ಪಕ್ಕದ ಗೋಡೆ. ಬಕೆಟ್ಟಿನಲ್ಲಿ ಸುಣ್ಣ ತಳ ಕಂಡಿತ್ತು, ಹೊತ್ತು ಇಳಿದಿತ್ತು, ಎರಡು ಮಾರು ದೂರದಲ್ಲಿ ಗರಗಸ ತಿರುಗಿಸುವ ಬೆಲ್ಟು ಪಟಪಟ ಓಡುತ್ತಿತ್ತು. ಗೋಡೆಯ ಮಧ್ಯೆ ಆ ಕಬ್ಬಿಣದ ಅರ್ಧ ಮೊರ ತೂಗುತ್ತಿತ್ತು. ಇಳಿಸೋಣವೆಂದು ಒಂದು ಸಲ ಕೈಹಾಕಿ ನೋಡಿದಳು. ಭಾರ, ಮೊಳೆಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಳಿಸಿದರೆ ಅದರ ಹಿಂದಕ್ಕೆ ಎರಡು ಕೈ ಬಳಿಯಬೇಕು, ಅದಕ್ಕೆ ಮತ್ತೆ ಸುಣ್ಣ ಕಲಸಬೇಕು. ಇದರ ಹಿಂದೆ ಯಾರು ನೋಡುತ್ತಾರೆ ಎಂದುಕೊಂಡು ಅವಳು ಅದರ ಸುತ್ತ ಕುಂಚ ಆಡಿಸಿ ಕೆಲಸ ಮುಗಿಸಿದ್ದಳು. ಜೀವಮಾನದಲ್ಲಿ ಅದೊಂದೇ ಗೋಡೆ. ಆ ಸಂಜೆ ಗುಮಾಸ್ತರು ಬಂದು, "ನಿನ್ನ ಕೆಲಸ ಅಂದರೆ ಕೆಲಸ ಬಿಡಕ್ಕ," ಎಂದಾಗ ಅವಳು ನಕ್ಕಿದ್ದಳು.

ಎರಡು ದಿನ ಅವಳು ಇದನ್ನು ಒಳಗೇ ಇಟ್ಟುಕೊಂಡಳು. ಮೂರನೆಯ ದಿನ, ಗಂಡನ ಟವೆಲ್ಲು ಮಿಲ್ಲಿನಲ್ಲೇ ಉಳಿದಿದೆ ಎಂಬ ನೆವ ಮಾಡಿಕೊಂಡು ಹೋದಳು. ಮಧ್ಯಾಹ್ನದ ಬಿಡುವು, ಗರಗಸ ನಿಂತಿತ್ತು. ಒಳಗೆ ಹಸಿ ಮರದ ವಾಸನೆ, ಎಣ್ಣೆಯ ವಾಸನೆ. ಅವಳು ಬಳಿದಿದ್ದ ಬಿಳುಪು ಈಗ ಎಲ್ಲಿಯೂ ಉಳಿದಿರಲಿಲ್ಲ. ಮರದ ಪುಡಿ ಎಣ್ಣೆಯ ಜೊತೆ ಸೇರಿ ಗೋಡೆಯುದ್ದಕ್ಕೂ ಕಂದು ತುಪ್ಪಟದ ಹಾಗೆ ಹತ್ತಿಕೊಂಡಿತ್ತು. ಗಾರ್ಡು ಅಲ್ಲೇ ಇತ್ತು. ಅವಳು ಸುತ್ತ ನೋಡಿ, ಅದರ ಕೆಳಗಿನ ಅಂಚನ್ನು ಎರಡೂ ಕೈಯಿಂದ ತುಸು ಎತ್ತಿ ಹಿಂದೆ ಇಣುಕಿದಳು.

ಹಿಂದಿನ ಗಾರೆ ಹೊಸದಾಗಿ ಮೆತ್ತಿದ ಹಾಗೆ ಕೆಂಪಗಿತ್ತು. ಸುಣ್ಣವೂ ಇಲ್ಲ, ಒಂದು ಚಿಟಿಕೆ ಪುಡಿಯೂ ಇಲ್ಲ.

ಅವಳಿಗೆ ನಾಚಿಕೆಯಾಗುವ ಮೊದಲೇ ಆಶ್ಚರ್ಯವಾಯಿತು. ಮೂರು ವರ್ಷದ ಪುಡಿ ಇಡೀ ಗೋಡೆಗೆ ಹತ್ತಿದೆ, ಇಲ್ಲಿಗೆ ಮಾತ್ರ ಹತ್ತಿಲ್ಲ. ಗಾರ್ಡು ಒಂದು ವಾರ ಇಳಿದಿದ್ದರೂ ಇಲ್ಲಿಗೂ ಹತ್ತುತ್ತಿತ್ತು. ಹಾಗಾದರೆ ಇದು ಇಳಿದೇ ಇಲ್ಲ.

"ಏನಕ್ಕ, ಗೋಡೆ ಜೊತೆ ಗುಟ್ಟಾಗಿ ಮಾತಾಡ್ತಿದ್ದೀಯಾ?"

ಉದ್ದಣ್ಣ. ಗರಗಸಕ್ಕೆ ದಿಮ್ಮಿ ಉರುಳಿಸಿಕೊಡುವವನು, ಮಿಲ್ಲಿನಲ್ಲಿ ಎಲ್ಲರಿಗಿಂತ ಹಳಬ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಟವೆಲ್ಲು ಹುಡುಕ್ತಿದ್ದೆ."

"ಗಾರ್ಡಿನ ಹಿಂದೆ?"

"ಎಲ್ಲೆಲ್ಲಿ ಇಡ್ತಾನೋ ಯಾರಿಗೆ ಗೊತ್ತು, ನಿನ್ನ ದೋಸ್ತ." ಅವಳು ಗಾರ್ಡು ಬಿಟ್ಟಳು, ಅದು ಠಣ್ಣೆಂದು ಗೋಡೆಗೆ ತಾಗಿತು. "ಅಣ್ಣ, ಒಂದು ಮಾತು. ಇದನ್ನ ಗರಗಸದ ಮೇಲೆ ಯಾವತ್ತಾದರೂ ನೋಡಿದ್ದೀಯಾ?"

ಉದ್ದಣ್ಣ ಗಾರ್ಡನ್ನು ನೋಡಿದ, ಗುಮಾಸ್ತರ ಕೋಣೆಯ ಕಡೆ ನೋಡಿದ. "ನಾನು ದಿಮ್ಮಿ ತಳ್ಳೋನಮ್ಮ. ನನ್ನ ಕಣ್ಣು ದಿಮ್ಮಿ ಮೇಲಿರುತ್ತೆ," ಎಂದು ಹೊರಗೆ ಹೋದ.

ದಾರಿಯುದ್ದಕ್ಕೂ ಸುಣ್ಣದಕ್ಕ ಲೆಕ್ಕ ಹಾಕಿದಳು. ಹೇಳಿದರೆ, ಊರಿನ ಒಂದೊಂದು ಮನೆಯವರೂ ಕನ್ನಡಿ ಇಳಿಸಿ, ಕಪಾಟು ಸರಿಸಿ ಹಿಂದೆ ನೋಡುತ್ತಾರೆ. ನಾದಿನಿ ನಗುವುದಕ್ಕೆ ಹತ್ತು ಜನರನ್ನು ಕೂಡಿಸಿಕೊಳ್ಳುತ್ತಾಳೆ. ಹೇಳದಿದ್ದರೆ, ಗಂಡನ ಬಾಯಿಮಾತು ಒಂದು ಕಡೆ, ಗುಮಾಸ್ತರ ಕಾಗದ ಇನ್ನೊಂದು ಕಡೆ. ಕಚೇರಿಯವರು ಯಾವುದನ್ನು ನಂಬುತ್ತಾರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಜೀಪಿನಲ್ಲಿ ಬಂದಾಗ ಬೆಳಗಿನ ಹನ್ನೊಂದು ಗಂಟೆ. ಗಿಡ್ಡನೆಯ ಹೆಂಗಸು, ಕಾಲಿಗೆ ಬೂಟು, ಹೆಗಲಿಗೆ ಚೀಲ. ಮಿಲ್ಲಿನ ಒಳಗೆ ಬಂದವರೇ ಕುರ್ಚಿ ಬೇಡವೆಂದು, ಬೆಲ್ಟು, ಗರಗಸ, ದಿಮ್ಮಿಯ ರಾಶಿ ಎಲ್ಲವನ್ನೂ ಸುತ್ತು ಹಾಕಿ ನೋಡಿದರು. ಯಜಮಾನರು, ತಲೆ ಪೂರಾ ನರೆತ ಮುದುಕರು, ಗುಮಾಸ್ತರ ಜೊತೆ ಹಿಂದೆ ಹಿಂದೆ ನಡೆದರು. ಸುಣ್ಣದಕ್ಕ ಗಂಡನನ್ನು ಕರೆದುಕೊಂಡು ಬಂದಿದ್ದಳು. ಕೆಲಸದವರೆಲ್ಲ ರಾಶಿಯ ಮೇಲೆ ಕುಳಿತು ನೋಡುತ್ತಿದ್ದರು.

ಗರಗಸದ ಮೇಲೆ ಗಾರ್ಡು ಕುಳಿತಿತ್ತು. ತುಕ್ಕು ತಿಕ್ಕಿ, ಎಣ್ಣೆ ಹಚ್ಚಿ, ಮದುವಣಗಿತ್ತಿಯ ಹಾಗೆ ಸಿಂಗರಿಸಿದ್ದರು. ಸುಣ್ಣದಕ್ಕನ ಕಣ್ಣು ತಟ್ಟನೆ ಗೋಡೆಗೆ ಹೋಯಿತು. ಗಾರ್ಡು ಇದ್ದ ಜಾಗದಲ್ಲಿ ಈಗ ಒಂದು ಕ್ಯಾಲೆಂಡರು ತೂಗುತ್ತಿತ್ತು. ಆದರೆ ಕ್ಯಾಲೆಂಡರು ಚಿಕ್ಕದು. ಅದರ ಎರಡೂ ಬದಿಗೆ ಕೆಂಪು ಗಾರೆಯ ತುದಿಗಳು ಕೋಡಿನ ಹಾಗೆ ಇಣುಕುತ್ತಿದ್ದವು.

"ಪ್ರತಿದಿನ ಹೀಗೇ ಇರುತ್ತಾ ಗಾರ್ಡು?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಪ್ರತಿದಿನ, ಮೇಡಂ," ಎಂದರು ಗುಮಾಸ್ತರು. "ಅವತ್ತೊಂದು ದಿನ ಇವನು..."

"ನೀನು ಹೇಳಪ್ಪ," ಎಂದು ಇನ್ಸ್‌ಪೆಕ್ಟರಮ್ಮ ಸುಣ್ಣದಕ್ಕನ ಗಂಡನ ಕಡೆ ತಿರುಗಿದರು.

ಅವನು ಎಲ್ಲರ ಮುಂದೆ ಮಾತಾಡಿ ಅಭ್ಯಾಸವಿಲ್ಲದವನು. "ನಾನು ಸೇರಿದಾಗಿನಿಂದ ಅದು ಗೋಡೆ ಮೇಲೇ ಇತ್ತು," ಎಂದ, ತನ್ನ ಕೈಗೆ ಹೇಳುವ ಹಾಗೆ.

"ಯಾರಾದರೂ ನೋಡಿದವರಿದ್ದೀರಾ?"

ರಾಶಿಯ ಮೇಲೆ ಕುಳಿತವರು ರಾಶಿಯನ್ನೇ ನೋಡಿದರು. ಉದ್ದಣ್ಣ ಕಿವಿಯ ಬೀಡಿ ತೆಗೆದು ಮತ್ತೆ ಕಿವಿಗೇ ಇಟ್ಟ. ಯಜಮಾನರು ಕೆಮ್ಮಿದರು. ಇನ್ಸ್‌ಪೆಕ್ಟರಮ್ಮ ಪುಸ್ತಕದಲ್ಲಿ ಏನೋ ಬರೆಯತೊಡಗಿದರು. ಸುಣ್ಣದಕ್ಕ ಪೆನ್ನು ಓಡುವುದನ್ನೇ ನೋಡಿದಳು. ಅಲ್ಲಿ ಬರೆದದ್ದು ಒಣಗಿದ ಮೇಲೆ ಯಾವ ಮಾತೂ ಹತ್ತುವುದಿಲ್ಲ.

"ಮೇಡಂ, ಆ ಕ್ಯಾಲೆಂಡರು ಇಳಿಸಿ ನೋಡಿ."

ಇನ್ಸ್‌ಪೆಕ್ಟರಮ್ಮ ಪೆನ್ನು ನಿಲ್ಲಿಸಿದರು. ಅವರ ಮುಖದಲ್ಲಿ ಒಂದು ಕುತೂಹಲ ಎದ್ದಿತು. ತಾವೇ ಹೋಗಿ ಕ್ಯಾಲೆಂಡರು ಇಳಿಸಿದರು. ಕಂದು ಗೋಡೆಯ ನಡುವೆ ಕೆಂಪಗೆ, ಅಚ್ಚುಕಟ್ಟಾಗಿ, ಅರ್ಧ ಮೊರ.

"ಸುಣ್ಣ ಉದುರಿದೆ, ಮೇಡಂ," ಎಂದರು ಗುಮಾಸ್ತರು. "ತೇವ."

"ಉದುರಿದ್ದಲ್ಲ," ಎಂದಳು ಸುಣ್ಣದಕ್ಕ. "ಉದುರಿದರೆ ಅಂಚು ಹೀಗಿರಲ್ಲ. ಕೆರೆ ಒಣಗಿದಾಗ ಮಣ್ಣು ಹಕ್ಕಳೆ ಏಳುತ್ತಲ್ಲ, ಹಾಗಿರುತ್ತೆ. ಇಲ್ಲಿ ಪುಡಿ ಕೆರೆದು ಕೈ ಆಡಿಸಿ ನೋಡಿ. ಅಂಚು ದಪ್ಪಗಿದೆ. ಕುಂಚ ಇಲ್ಲಿವರೆಗೆ ಬಂದು ತಿರುಗಿದೆ. ತಿರುಗೋ ಕಡೆ ಸುಣ್ಣ ಹೆಚ್ಚು ನಿಲ್ಲುತ್ತೆ. ಇಲ್ಲಿ ಕೆಳಗೆ ಎರಡು ಹನಿ ಜಾರಿದೆ ನೋಡಿ. ಇದು ಬಳಿಯದೇ ಬಿಟ್ಟಿದ್ದು."

ಇನ್ಸ್‌ಪೆಕ್ಟರಮ್ಮ ಉಗುರಿನಿಂದ ಕೆರೆದರು, ಬೆರಳು ಆಡಿಸಿದರು, ಬಗ್ಗಿ ಹನಿ ನೋಡಿದರು. "ನಿಮಗೆ ಹೇಗೆ ಗೊತ್ತು?"

"ಬಳಿದೋಳು ನಾನೇ."

ರಾಶಿಯ ಮೇಲಿಂದ ಯಾರೋ, "ಅಯ್ಯೋ, ಸುಣ್ಣದಕ್ಕನಾ?" ಎಂದರು. ಒಬ್ಬ ಕಿಸಕ್ಕೆಂದ. ಗಂಡ ತಲೆಯೆತ್ತಿ ಹೆಂಡತಿಯನ್ನು ಮೊದಲ ಸಲ ನೋಡಿದವನ ಹಾಗೆ ನೋಡಿದ.

"ಗಾರ್ಡು ಇಲ್ಲಿ ತೂಗ್ತಿತ್ತು. ಭಾರ ಇತ್ತು, ಸುಣ್ಣ ಮುಗಿದಿತ್ತು. ಇಳಿಸದೆ ಸುತ್ತ ಬಳಿದೆ."

"ಯಾಕೆ?"

"ಸೋಮಾರಿತನ," ಎಂದಳು ಸುಣ್ಣದಕ್ಕ. "ಯಾರು ನೋಡ್ತಾರೆ ಅಂದ್ಕೊಂಡೆ."

"ಯಾವಾಗ ಬಳಿದಿದ್ದು?"

"ಮೂರು ವರ್ಷ ಆಯ್ತು. ಒಂದೇ ಸಲ."

"ಸುಣ್ಣದ ಪುಸ್ತಕ ಇದೆಯಾ?" ಇನ್ಸ್‌ಪೆಕ್ಟರಮ್ಮ ಗುಮಾಸ್ತರನ್ನು ಕೇಳಿದರು. ಮಿಲ್ಲಿನ ಗೋಡೆಗೆ ಯಾವಾಗ ಸುಣ್ಣ ಆಯಿತೆಂದು ಬರೆದಿಡಬೇಕೆಂಬುದು ನಿಯಮ. ಗುಮಾಸ್ತರ ಮುಖ ಅರಳಿತು. ಪುಸ್ತಕದ ವಿಷಯದಲ್ಲಿ ಅವರನ್ನು ಯಾರೂ ಹಿಡಿಯುವ ಹಾಗಿರಲಿಲ್ಲ. ಓಡಿಹೋಗಿ ತಂದು ತೆರೆದರು. ವರ್ಷಕ್ಕೊಂದರಂತೆ ಮೂರು ಸಾಲು, ಗುಂಡು ಅಕ್ಷರ.

"ಪ್ರತಿ ವರ್ಷ ಬಳಿಸಿದ್ದೀರಿ."

"ತಪ್ಪದೆ, ಮೇಡಂ."

"ಹಾಗಾದರೆ ಮೂರು ವರ್ಷವೂ, ಬಳಿಯೋ ದಿನ, ಗಾರ್ಡು ಈ ಗೋಡೆ ಮೇಲೇ ಇತ್ತು."

ಗುಮಾಸ್ತರು ಬಾಯಿ ತೆರೆದರು. ಪುಸ್ತಕ ಸುಳ್ಳೆನ್ನಬೇಕು, ಇಲ್ಲವೇ ಗಾರ್ಡು ಗೋಡೆಯ ಮೇಲಿತ್ತೆನ್ನಬೇಕು. ಅವರು ಎರಡನ್ನೂ ತೂಗಿ ನೋಡುತ್ತಿರುವುದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ಕೊನೆಗೆ ಪುಸ್ತಕವನ್ನು ಮುಚ್ಚಿ ಎದೆಗೆ ಅಪ್ಪಿಕೊಂಡರು.

"ಪುಸ್ತಕ ಒಂದು ಕಡೆ ಇರಲಿ," ಎಂದರು ಇನ್ಸ್‌ಪೆಕ್ಟರಮ್ಮ. "ಗೋಡೆ ತುಂಬ ಪುಡಿ ಇದೆ. ಗಾರ್ಡು ದಿನಾ ಗರಗಸದ ಮೇಲಿದ್ದಿದ್ದರೆ ಈ ಜಾಗವೂ ದಿನಾ ಖಾಲಿ ಇರುತ್ತಿತ್ತು. ಇಲ್ಲಿ ಪುಡಿ ಯಾಕೆ ಕೂತಿಲ್ಲ?"

ಉತ್ತರಕ್ಕೆ ಕಾಯದೆ ಅವರು ಗರಗಸದ ಹತ್ತಿರ ಹೋಗಿ, "ಒಂದು ದಿಮ್ಮಿ ಕೊಡಿ, ಕೊಯ್ದು ತೋರಿಸಿ," ಎಂದರು. ಇಬ್ಬರು ಕೆಲಸದವರು ರಾಶಿಯ ಬುಡದಿಂದ ಒಂದನ್ನು ಉರುಳಿಸಿ ತಂದರು. ಅದು ಮಲಗಿದ ಒಂಟೆಯ ಹಾಗಿತ್ತು. ಗರಗಸ ತಿರುಗಿಸದೆ ಬರೀ ತಳ್ಳಿ ನೋಡಿದರು. ಗೂನು ಗಾರ್ಡಿಗೆ ಬಡಿದು ನಿಂತಿತು. ಮಗ್ಗುಲು ತಿರುಗಿಸಿದರು, ಮತ್ತೆ ನಿಂತಿತು.

"ನೇರವಾದದ್ದು ತನ್ನಿ."

"ಇದೇ ನೇರವಾದದ್ದು, ಮೇಡಂ," ಎಂದ ಒಬ್ಬ. ಇಡೀ ರಾಶಿ ನಕ್ಕಿತು. ಇನ್ಸ್‌ಪೆಕ್ಟರಮ್ಮನೂ ನಕ್ಕರು.

ಯಜಮಾನರಿಗೆ ಸಾಕಾಗಿತ್ತು. "ನೋಡಮ್ಮ, ನಮಗೆ ಬರೋದೇ ಸೊಟ್ಟ ಮರ. ಅದನ್ನ ಹಾಕಿದರೆ ಮಿಲ್ಲು ನಡೆಯಲ್ಲ. ನಮ್ಮಪ್ಪನ ಕಾಲದಿಂದ ಅದು ಗೋಡೆ ಮೇಲೇ..." ಎಂದವರು ಅಲ್ಲಿಗೆ ತಡೆದರು.

"ಇದನ್ನೇ ಬರೆಯಲಾ?" ಎಂದು ಇನ್ಸ್‌ಪೆಕ್ಟರಮ್ಮ ಬಹಳ ಮೆತ್ತಗೆ ಕೇಳಿದರು.

ಯಜಮಾನರು ಮೇಜಿನ ಅಂಚಿಗೆ ಕೈಯೂರಿ ಬ್ಯಾಂಡೇಜಿನ ಕೈಯನ್ನು ನೋಡಿದರು. "ಬರೀರಿ," ಎಂದರು.

ಬರೆದು ಮುಗಿಸಲು ಅರ್ಧ ಗಂಟೆ ಹಿಡಿಯಿತು. ಎಲ್ಲರೂ ಕೇಳುವ ಹಾಗೆ ಓದಿದರು. ಗಾರ್ಡು ಬಹುಕಾಲದಿಂದ ಗೋಡೆಯ ಮೇಲಿತ್ತು, ಅದು ಮಿಲ್ಲಿನವರಿಗೆ ಗೊತ್ತಿತ್ತು, ಕಾರ್ಮಿಕನು ಮಿಲ್ಲಿನ ರೂಢಿಯಂತೆ, ಮಿಲ್ಲಿನ ಕೆಲಸ ಮಾಡುತ್ತಿದ್ದಾಗಲೇ ಗಾಯಗೊಂಡನು. ಯಜಮಾನರು ಸಹಿ ಹಾಕಿದರು. ಗುಮಾಸ್ತರು ಹಳೆಯ ಕಾಗದವನ್ನು ತಾವಾಗಿಯೇ ವಾಪಸು ಕೇಳಿದರು. ಇನ್ಸ್‌ಪೆಕ್ಟರಮ್ಮ ಕೊಡದೆ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಇದು ಕಚೇರಿಗೆ ಹೋಗುತ್ತೆ," ಎಂದರು ಗಂಡಹೆಂಡಿರಿಗೆ. "ಪರಿಹಾರ ಎಷ್ಟು ಅಂತ ಅಲ್ಲಿ ತೀರ್ಮಾನ. ಒಂದೆರಡು ಸಲ ಓಡಾಡಬೇಕಾಗುತ್ತೆ. ಆದರೆ ಕೊಡೋದೇ ಇಲ್ಲ ಅನ್ನೋ ಮಾತು ಇವತ್ತಿಗೆ ಮುಗೀತು. ವಾಸಿಯಾಗೋವರೆಗೂ ನಿನ್ನನ್ನ ಕೆಲಸದಿಂದ ತೆಗೆಯೋ ಹಾಗಿಲ್ಲಪ್ಪ. ಸೊಟ್ಟ ಮರಕ್ಕೆ ಮೇಲೇಳೋ ಗಾರ್ಡು ಮಾಡಿಸೋ ತನಕ ಗರಗಸ ಓಡೋ ಹಾಗಿಲ್ಲ."

"ಮೇಲೇಳೋ ಗಾರ್ಡು ಇರುತ್ತಾ?" ಗಂಡ ಕೇಳಿದ. ಎರಡು ವಾರದಲ್ಲಿ ಅವನ ದನಿಯಲ್ಲಿ ಜೀವ ಬಂದದ್ದು ಆಗಲೇ.

"ಕೀಲು ಹಾಕಿರುತ್ತಾರೆ. ದಿಮ್ಮಿ ಬಂದಾಗ ತಾನೇ ಎದ್ದು, ಹೋದ ಮೇಲೆ ತಾನೇ ಕೂರುತ್ತೆ."

ಅವನು ಗರಗಸದ ಹತ್ತಿರ ಹೋಗಿ, ಕೀಲು ಎಲ್ಲಿ ಕೂರಬಹುದೆಂದು ಬಗ್ಗಿ ಬಗ್ಗಿ ನೋಡತೊಡಗಿದ. ಯಜಮಾನರೂ ಹತ್ತಿರ ಬಂದು, "ಹಿಂದುಗಡೆ ಹಾಕಬೇಕೇನೋ," ಎಂದರು. "ಹಿಂದೆ ಹಾಕಿದರೆ ಬೆಲ್ಟು ತಾಗುತ್ತೆ," ಎಂದು ಅವನು ಎಡಗೈಯಿಂದ ತೋರಿಸಿದ.

ಸುಣ್ಣದಕ್ಕ ಗೋಡೆಯ ಹತ್ತಿರವೇ ನಿಂತಿದ್ದಳು. ಕೆಲಸದವನೊಬ್ಬ ಹಾದುಹೋಗುತ್ತ, "ಅಕ್ಕ, ನಮ್ಮ ಮನೆ ಕಪಾಟು ಸರಿಸಿ ನೋಡಬೇಕಾ?" ಎಂದ.

"ನೋಡು. ನಿನ್ನ ಹೆಂಡತಿ ಕಪಾಟಿನ ಹಿಂದೆ ಏನೇನು ಬಚ್ಚಿಟ್ಟಿದ್ದಾಳೋ ಅದೂ ಸಿಗುತ್ತೆ," ಎಂದಳು. ಅವನ ಜೊತೆಯವರು ನಕ್ಕರು. ಆದರೂ ಊರಿಗೆ ಈ ಸುದ್ದಿ ತನಗಿಂತ ಮೊದಲೇ ತಲುಪುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಉದ್ದಣ್ಣ ಎಲ್ಲರೂ ಚದುರುವವರೆಗೆ ಕಾದು ಅವಳ ಪಕ್ಕ ಬಂದು ನಿಂತ.

"ಅಕ್ಕ, ಕೇಳಿದಾಗ ಹೇಳಲಿಲ್ಲ ಅಂತ ಬೇಜಾರು ಮಾಡ್ಕೋಬೇಡ."

"ಬೇಜಾರು ಮಾಡ್ಕೊಂಡಿದೀನಿ. ಮುಂದೆ ಹೇಳು."

"ನಂದೊಂದು ಕಾಗದ ಇದೆ." ಅವನು ತನ್ನ ಎಡಪಾದವನ್ನು ಸ್ವಲ್ಪ ಮುಂದಕ್ಕೆ ಇಟ್ಟ. ಚಪ್ಪಲಿಯ ತುದಿ ಖಾಲಿಯಿತ್ತು. ಎರಡು ಬೆರಳು ಇರಲಿಲ್ಲ. "ನಾಲ್ಕು ವರ್ಷ ಆಯ್ತು. ದಿಮ್ಮಿ ಜಾರಿ ಬಿದ್ದಿದ್ದು. ಆಸ್ಪತ್ರೆ ಮಂಚದ ಮೇಲೇ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರಲ್ಲಿ ಏನು ಬರೆದಿತ್ತು ಅಂತ ನಾನು ಕೇಳಲಿಲ್ಲ. ಇಷ್ಟು ದಿನ ತಿಳ್ಕೋಬೇಕು ಅಂತಾನೂ ಅನ್ನಿಸಿರಲಿಲ್ಲ." ಅವನು ತಲೆ ಕೆರೆದುಕೊಂಡ. "ಈಗ ಅನ್ನಿಸ್ತಿದೆ. ನನ್ನ ಕಾಗದದಲ್ಲೂ ತಾನಾಗಿಯೇ ಅಂತ ಇರಬಹುದಾ?"

"ನನ್ನನ್ನ ಕೇಳಿದರೆ? ಜೀಪು ಇನ್ನೂ ಹೊರಟಿಲ್ಲ."

"ನಾಲ್ಕು ವರ್ಷ ಆದಮೇಲೆ ಕೇಳಬಹುದಾ?"

"ಅದನ್ನೂ ಅವರನ್ನೇ ಕೇಳು."

ಉದ್ದಣ್ಣ ಒಂದು ಕ್ಷಣ ಯಜಮಾನರ ಬೆನ್ನನ್ನು ನೋಡಿದ. ಅವರು ಗರಗಸದ ಮೇಲೆ ಬಗ್ಗಿ ಕೀಲಿನ ಜಾಗ ಹುಡುಕುತ್ತಿದ್ದರು. ಅವನು ಕಿವಿಯ ಬೀಡಿ ತೆಗೆದು ಜೇಬಿಗೆ ಹಾಕಿಕೊಂಡು, ಮರದ ಪುಡಿಯ ಮೇಲೆ ಎಡಗಾಲು ಸ್ವಲ್ಪ ಎಳೆಯುತ್ತ ಜೀಪಿನ ಕಡೆಗೆ ನಡೆದ. ಇನ್ಸ್‌ಪೆಕ್ಟರಮ್ಮ ಬಾಗಿಲು ತೆರೆದು ಹತ್ತಲಿದ್ದವರು ನಿಂತರು. ಅವನು ಏನು ಹೇಳಿದನೋ ಇಲ್ಲಿಗೆ ಕೇಳಿಸಲಿಲ್ಲ. ಅವರು ಬಗ್ಗಿ ಅವನ ಪಾದ ನೋಡಿದರು, ಏನೋ ಕೇಳಿದರು, ಚೀಲದಿಂದ ಪುಸ್ತಕವನ್ನು ಮತ್ತೆ ಹೊರಗೆ ತೆಗೆದರು.